ಹತ್ತು ದಿನದ ಪರೋಪಕಾರ

ಸಮುದ್ರದಾಚೆಯ ದೇಶಗಳಲ್ಲಿ, ಅದರಲ್ಲಿಯೂ ಅಮೆರಿಕದಲ್ಲಿ, ಕ್ರೈಸ್ತ ಸಭೆಗಳವರು ರಜೆಯ ದಿನಗಳಲ್ಲಿ ಗುಂಪು ಕಟ್ಟಿಕೊಂಡು ಬಡ ದೇಶಗಳಿಗೆ ಸೇವಾಯಾತ್ರೆ ಹೊರಡುವುದು ಒಂದು ದೊಡ್ಡ ಪದ್ಧತಿಯೇ ಆಗಿದೆ. ಒಂದು ವಾರ, ಹೆಚ್ಚೆಂದರೆ ಎರಡು ವಾರ. ಅಷ್ಟರಲ್ಲಿ ಒಂದು ಶಾಲೆಯ ಗೋಡೆಯನ್ನೆಬ್ಬಿಸುವುದು, ನೂರಾರು ರೋಗಿಗಳಿಗೆ ಮಾತ್ರೆ ಹಂಚುವುದು, ಮಕ್ಕಳ ನಡುವೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು, ಮರಳಿ ವಿಮಾನವನ್ನೇರುವುದು. 2005ರ ಒಂದು ಸಮೀಕ್ಷೆಯನ್ನು ಆಧರಿಸಿ ಅಲ್ಲಿಯ ವಿದ್ವಾಂಸರು ಮಾಡಿದ ಗಣನೆಯಂತೆ ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಹೀಗೆ ಹೊರಡುತ್ತಿದ್ದರು. ಇವರ ಮನಸ್ಸು ಕೆಟ್ಟದ್ದೆಂದು ಯಾರೂ ಹೇಳಲಾರರು. ಸ್ವಂತ ಹಣವನ್ನು ವೆಚ್ಚಮಾಡಿ ಬಿಸಿಲಿನಲ್ಲಿ ದುಡಿಯುವವರನ್ನು ಹಳಿಯುವುದು ಸಜ್ಜನರ ಲಕ್ಷಣವೆ ಎಂದು ಕೆಲವರು ಆಕ್ಷೇಪಿಸಬಹುದು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಕ ಬೇಕೆಂದು ಹೇಳಿದೆ. ಈ ಮೂರರಲ್ಲಿ ಒಂದನ್ನಾದರೂ ತಿಳಿಯಲು ಹತ್ತು ದಿನ ಸಾಲದು.

ಇದಕ್ಕೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ಬಳ್ಳಾರಿಯಲ್ಲಿಯೇ ಉಂಟು, ಮತ್ತು ಅದನ್ನು ಒದಗಿಸಿದವರು ಪಾದ್ರಿಗಳೇ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ಊರಿಗೆ ಬಂದರು. ಬಳ್ಳಾರಿ ಆಗ ದಂಡಿನ ಠಾಣ್ಯ. ಇಂಗ್ಲಿಷ್ ಮಾತಿನಲ್ಲಿಯೇ ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಅವರು ಹಾಗೆ ಮಾಡದೆ ಕನ್ನಡ ಅಕ್ಷರ ತಿದ್ದಲು ಕುಳಿತರು. ಕನ್ನಡ ಬೈಬಲ್ 1831ರಲ್ಲಿ ಪೂರ್ತಿಯಾಗಿ ಬಳ್ಳಾರಿಯಲ್ಲಿ ಅಚ್ಚಾಗುವ ವೇಳೆಗೆ ಅವರು ಬಂದು ಇಪ್ಪತ್ತೊಂದು ವರ್ಷಗಳಾಗಿದ್ದವು. (ಅಷ್ಟಾದರೂ ಆ ಭಾಷಾಂತರವನ್ನು ಮುಂದಿನವರು ಪರಿಷ್ಕರಿಸಬೇಕಾಯಿತು, ಕನ್ನಡವೆಂಬುದು ಅಷ್ಟು ಸುಲಭಕ್ಕೆ ಕೈವಶವಾಗುವ ಭಾಷೆಯಲ್ಲ.) ಅದೇ ಮಿಶನ್ನಿನ ವಿಲಿಯಂ ರೀವರ ಕನ್ನಡ ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. 1846ರಲ್ಲಿ ವಾರ್ಡ್‌ಲಾ ಶಾಲೆ ಹುಟ್ಟಿತು. ಇವರ ಮತಪ್ರಚಾರವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಒಪ್ಪದಿರಲು ಕಾರಣಗಳೂ ಉಂಟು. ಆದರೆ ವಾದಿಸಬೇಕೆಂದವನಿಗೆ ಆ ಪಾದ್ರಿ ಮರುದಿನವೂ ಅದೇ ಬೀದಿಯಲ್ಲಿ ಸಿಕ್ಕುತ್ತಿದ್ದರು, ಕನ್ನಡದಲ್ಲಿಯೇ ಉತ್ತರ ಕೊಡುತ್ತಿದ್ದರು. ಹತ್ತು ದಿನದ ಅತಿಥಿಯೊಡನೆ ಜಗಳವಾಡುವುದಕ್ಕೂ ಅವಕಾಶವಿಲ್ಲ.

ಈಗಿನ ಮಾದರಿಯ ಒಂದು ತಂಡ ಕುರುಗೋಡಿಗೆ ಕಟ್ಟಡ ಕಟ್ಟಲು ಬಂದಿತೆಂದು ಇಟ್ಟುಕೊಳ್ಳೋಣ. ದೊಡ್ಡಬಸವೇಶ್ವರನ ಗುಡಿಯಲ್ಲಿ ಅಷ್ಟು ದೊಡ್ಡ ನಂದಿಯನ್ನು ನಿಲ್ಲಿಸಿದ ಊರು ಅದು. ಅಂಥಲ್ಲಿಗೆ, ಜನ್ಮದಲ್ಲಿ ಕರಣಿ ಹಿಡಿಯದ ಇಪ್ಪತ್ತು ಮಂದಿ ಕಾಲೇಜು ಹುಡುಗರು ಗೋಡೆ ಕಟ್ಟಲು ಬಂದರೆ ಅಲ್ಲಿಯ ಗಾರೆಯವನು ಏನು ಮಾಡಬೇಕು? ಕೂಲಿ ತಪ್ಪಿ ನಿಂತು ನೋಡಬೇಕು. ಅವರು ಹೋದ ಮೇಲೆ ಸೊಟ್ಟಗೋಡೆಯನ್ನು ನೆಟ್ಟಗೆ ಮಾಡಬೇಕು. ಇದು ಹಾಸ್ಯವೆಂದು ತೋರಿದರೆ ಲೆಕ್ಕವನ್ನು ನೋಡಬಹುದು. ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು 1998ರಲ್ಲಿ ಮಿಚ್ ಎಂಬ ಚಂಡಮಾರುತ ಹಾಳುಗೆಡವಿದಾಗ ಉತ್ತರ ಅಮೆರಿಕದ ಸಭೆಗಳವರು ಹೋಗಿ ಮನೆಗಳನ್ನು ಕಟ್ಟಿಕೊಟ್ಟರು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು, ಅವರೂ ಕ್ರೈಸ್ತರೇ, ತರುವಾಯ ಇದನ್ನು ಪರೀಕ್ಷಿಸಿದರು. ಪ್ರಯಾಣದ ವೆಚ್ಚವೂ ಸೇರಿ ಒಂದೊಂದು ಮನೆಗೆ ಸುಮಾರು 30,000 ಡಾಲರು ಬಿದ್ದಿತ್ತು. ಸ್ಥಳೀಯ ಸಂಸ್ಥೆ ಅಂಥದೇ ಮನೆಯನ್ನು 2,000 ಡಾಲರಿನಲ್ಲಿ ಕಟ್ಟುತ್ತಿತ್ತು. ಪರದೇಶದವರು ಕಟ್ಟಿದ ಮನೆಯಲ್ಲಿದ್ದವರಿಗೆ ಅದರಿಂದ ಹೆಚ್ಚಿನ ಸಂತೋಷವೇನೂ ಇರಲಿಲ್ಲ. ಯಾತ್ರೆಯಿಂದ ಯಾತ್ರಿಕರ ಹೃದಯವಾದರೂ ಮಾರ್ಪಡುವುದೆಂಬ ಸಮಾಧಾನವೂ ನಿಲ್ಲಲಿಲ್ಲ; ಊರಿಗೆ ಮರಳಿದವರ ನಡೆಯಲ್ಲಿ, ದಾನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆ ಹಣದಲ್ಲಿ ಒಂದು ಮನೆಗೆ ಪ್ರತಿಯಾಗಿ ಹದಿನೈದು ಮನೆಗಳು ಏಳಬಹುದಾಗಿತ್ತು. ಹದಿನೈದು ಮನೆಗಳ ಕೂಲಿ ಅಲ್ಲಿಯ ಕೆಲಸಗಾರರ ಒಲೆಗಳನ್ನು ಉರಿಸಬಹುದಾಗಿತ್ತು. ಇದಕ್ಕೆ ಹೋಲಿಸಿದರೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದಾಗ ಹಂಚು ಸುಡುವ ಕೆಲಸ ಆ ನೆಲದ ಕೈಗಳಿಗೆ ಬಂದಿತು, ಅಲ್ಲಿಯೇ ಉಳಿಯಿತು.

ಪರದೇಶದವರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. 2009ರ ನೆರೆಯಲ್ಲಿ ತುಂಗಭದ್ರೆ ಉಕ್ಕಿ ಸಿರುಗುಪ್ಪದ ಸೀಮೆಯ ಹಳ್ಳಿಗಳನ್ನು ಮುಳುಗಿಸಿದಳು. ಉತ್ತರ ಕರ್ನಾಟಕದ ನೆರೆಸಂತ್ರಸ್ತರಿಗಾಗಿ ಸರ್ಕಾರ ಆಸರೆ ಯೋಜನೆಯನ್ನು ತಂದಿತು. ದಾನಿಗಳು ಮುಂದೆ ಬಂದರು. ಮನೆಗಳು ಸಾಲುಸಾಲಾಗಿ ಎದ್ದವು. ಅಂಥ ಹಲವು ನೂತನ ಗ್ರಾಮಗಳಲ್ಲಿ ಮನೆಗಳು ಹಾಳುಬಿದ್ದವು. ದನ ಕಟ್ಟಲು ಹಟ್ಟಿಯಿಲ್ಲ, ಮೇವು ಒಟ್ಟಲು ಹಿತ್ತಿಲಿಲ್ಲ, ಹೊಲ ದೂರ. ಕಟ್ಟಿದವರೂ ಕನ್ನಡಿಗರೇ, ಇರಬೇಕಾದವರೂ ಕನ್ನಡಿಗರೇ. ಆದರೂ ಕೇಳಿ ಕಟ್ಟುವ ತಾಳ್ಮೆ ಎಷ್ಟು ಮಂದಿಗೆ ಇದ್ದಿತು?

ವೈದ್ಯದ ಮಾತು ಇನ್ನೂ ಗಂಭೀರವಾದದ್ದು. ಸೊಟ್ಟಗೋಡೆಯನ್ನು ಕೆಡವಿ ಕಟ್ಟಬಹುದು. ಕ್ಷಯರೋಗಿಗೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧ ನಡೆಯಬೇಕು. ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ. ರಕ್ತದೊತ್ತಡ, ಮಧುಮೇಹಗಳು ಆಯುಷ್ಯವಿಡೀ ಜೊತೆಗಿರುವ ರೋಗಗಳು. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿಗೆ ಹತ್ತನೆಯ ದಿನ ಕೊಟ್ಟ ಮಾತ್ರೆ ಮೂವತ್ತನೆಯ ದಿನಕ್ಕೆ ಮುಗಿದರೆ, ಮುಂದಿನದನ್ನು ಯಾರಲ್ಲಿ ಕೇಳಬೇಕು? ಮಾತ್ರೆಯಿಂದ ತಲೆ ತಿರುಗಿದರೆ ಯಾರಿಗೆ ಹೇಳಬೇಕು, ಯಾವ ಭಾಷೆಯಲ್ಲಿ? "ಎದಿ ಉರೀತೈತ್ರಿ" ಎಂಬುದನ್ನು ದುಭಾಷಿ ಹೃದ್ರೋಗವೆಂದು ತಿರುಗಿಸಿದರೆ ಹೊಣೆ ಯಾರದು? ವಿದೇಶದ ವೈದ್ಯನು ಈ ದೇಶದಲ್ಲಿ ಚಿಕಿತ್ಸೆ ಮಾಡಬೇಕಾದರೆ ವೈದ್ಯಕೀಯ ಆಯೋಗದ ಅನುಮತಿ ಪಡೆಯಬೇಕೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ಮಿಶನ್ ವೈದ್ಯರ ರೀತಿಯೇ ಬೇರೆ. ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ತೆರೆದ ಆಸ್ಪತ್ರೆ ಒಂದು ಶತಮಾನವನ್ನು ದಾಟಿತು. 1900ರಲ್ಲಿ ವೆಲ್ಲೂರಿನಲ್ಲಿ ಚಿಕಿತ್ಸೆಗೆ ತೊಡಗಿದ ಡಾ. ಐಡಾ ಸ್ಕಡರ್ 1960ರಲ್ಲಿ ಈ ದೇಶದಲ್ಲಿಯೇ ಕಾಲವಾದರು. ಆ ನಡುವೆ ಅವರು ಈ ನೆಲದ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ, ವೈದ್ಯೆಯರನ್ನಾಗಿ ಮಾಡಿದರು.

ಬಳ್ಳಾರಿಯ ದೊಡ್ಡ ಮನೆತನಗಳವರೂ, ಸಂಘಸಂಸ್ಥೆಗಳವರೂ ಇದನ್ನೋದಿ ಪಾದ್ರಿಗಳಿಗೆ ಬುದ್ಧಿ ಬಂತೆಂದು ಹಿಗ್ಗಬೇಕಾಗಿಲ್ಲ. ಹುಟ್ಟುಹಬ್ಬಕ್ಕೊಂದು ಉಚಿತ ಆರೋಗ್ಯ ಶಿಬಿರ, ಪುಣ್ಯತಿಥಿಗೊಂದು ನೇತ್ರ ತಪಾಸಣೆ. ಶಾಮಿಯಾನ, ಹಾರ, ಭಾಷಣ. ಸಂಜೆಗೆ ಎಲ್ಲವೂ ಲಾರಿಗೆ. ಅಮೆರಿಕದವನು ಹತ್ತು ದಿನವಾದರೂ ಇರುತ್ತಾನೆ. ಇವರದು ಒಂದೇ ಹಗಲು. ಮರುದಿನ ಆ ರೋಗಿ 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಾಲಿನಲ್ಲಿಯೇ ನಿಲ್ಲಬೇಕು. ಆ ಸಾಲಿನಲ್ಲಿ ಒಂದು ಬೆಂಚು ಹೆಚ್ಚಾಗಲಿ, ಕುಡಿಯುವ ನೀರು ಇರಲಿ ಎಂದು ವರ್ಷವಿಡೀ ಬೆನ್ನುಹತ್ತಿದ ದಾನಿಯ ಹೆಸರನ್ನು ಯಾರೂ ಹಲಗೆಯ ಮೇಲೆ ಬರೆಯುವುದಿಲ್ಲವಾದ್ದರಿಂದ ಅಂಥ ದಾನಿ ಅಪರೂಪ.

ಬರಲೇಬೇಕೆಂಬ ಮನಸ್ಸುಳ್ಳ ಸಭೆಗಳಿಗೆ ಬೇರೊಂದು ದಾರಿಯುಂಟು. ಇಪ್ಪತ್ತು ಮಂದಿಯ ವಿಮಾನದ ಟಿಕೀಟಿನ ಹಣವನ್ನು ಕಟ್ಟಿಟ್ಟು, ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಹತ್ತನೆಯ ತರಗತಿ ದಾಟಿದ ಬಡ ಹುಡುಗಿಯರನ್ನು ಆರಿಸಿ, ದಾದಿಯರ ವ್ಯಾಸಂಗ ಮುಗಿಯುವವರೆಗೆ ಶುಲ್ಕ, ಊಟ, ಪುಸ್ತಕಗಳಿಗೆ ಕೊಡಲಿ. ಮತದ ಮಾತನ್ನು ಆ ಹಣಕ್ಕೆ ಅಂಟಿಸದಿರಲಿ. ಇಲ್ಲಿಯ ಸಂಘಸಂಸ್ಥೆಗಳೂ ಒಂದು ವರ್ಷದ ಶಾಮಿಯಾನದ ಬಾಡಿಗೆಯನ್ನು ಅದಕ್ಕೆ ಕೂಡಿಸಲಿ. ಆ ಹುಡುಗಿಗೆ ಎದೆಯುರಿಗೂ ಎದೆನೋವಿಗೂ ಇರುವ ವ್ಯತ್ಯಾಸವನ್ನು ಯಾವ ದುಭಾಷಿಯೂ ತಿಳಿಸಿಕೊಡಬೇಕಾಗಿಲ್ಲ, ಮತ್ತು ಹನ್ನೊಂದನೆಯ ದಿನವೂ ಅವಳು ಊರಿನಲ್ಲಿಯೇ ಇರುತ್ತಾಳೆ.