ಕಂಠದ ಪಾಠಕ್ಕೊಂದು ಕೋಣೆ

ಶಿರಾದಿಂದ ಮಧುಗಿರಿಗೆ ಹೊರಟ ಬಸ್ಸಿನಲ್ಲಿ ಜನ ಕಿಕ್ಕಿರಿದಿರುವಾಗ ನಿರ್ವಾಹಕನು ಪ್ರತಿಯೊಬ್ಬರ ಮುಖವನ್ನೂ ನೋಡಿ ಮಾತನಾಡುವುದು ಸಾಧ್ಯವಿಲ್ಲ. ಗುಂಪಿನ ನಡುವಿನಿಂದ "ಮಧುಗಿರಿ ಒಂದು" ಎಂಬ ಸ್ವರ ಕೇಳಿದರೆ ಸಾಕು, "ತಗೊಳಪ್ಪ" ಎಂದೋ "ತಗೊಳಮ್ಮ" ಎಂದೋ ಅವನ ಬಾಯಿಂದ ತಾನಾಗಿ ಹೊರಡುತ್ತದೆ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಶಕ್ತಿ ಯೋಜನೆಯು ಸ್ತ್ರೀಯರೊಡನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣವನ್ನು ನೀಡಿತು. ಆದರೆ ಹೆಣ್ಣಾಗಿ ಬಾಳುತ್ತಿರುವ, ಗಂಡಿನ ಗಡಸು ಕಂಠವಿರುವ ಒಬ್ಬಾಕೆ ಆ ಬಸ್ಸಿನಲ್ಲಿ ಬಾಯಿ ತೆರೆದಳೆಂದರೆ ಇಪ್ಪತ್ತು ತಲೆಗಳು ಒಟ್ಟಿಗೆ ಹಿಂದಿರುಗುತ್ತವೆ. ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ. ಬೇರೆ ಬೆಲೆಯೊಂದನ್ನು ಕೊಟ್ಟೇ ಪ್ರಯಾಣ ಮಾಡಬೇಕಾಗುತ್ತದೆ.

ಇದರಲ್ಲಿ ನಮ್ಮ ಭಾಷೆಯ ಪಾತ್ರವೂ ಸ್ವಲ್ಪ ಉಂಟು. ಹಿಂದಿಯಲ್ಲಿ ಗಂಡು "ಬರುತ್ತೇನೆ" ಎನ್ನುವುದಕ್ಕೂ ಹೆಣ್ಣು "ಬರುತ್ತೇನೆ" ಎನ್ನುವುದಕ್ಕೂ ಕ್ರಿಯಾಪದದ ರೂಪವೇ ಬೇರೆ. ಕನ್ನಡದಲ್ಲಿ ಬಂದನು, ಬಂದಳು ಎಂಬ ಭೇದವೆಲ್ಲ ಪ್ರಥಮ ಪುರುಷಕ್ಕೆ ಮಾತ್ರ; "ನಾನು ಬಂದೆನು" ಎಂಬಲ್ಲಿ ಯಾವ ಭೇದವೂ ಇಲ್ಲ. ತಾನು ಯಾರೆಂಬುದನ್ನು ವ್ಯಾಕರಣದಿಂದ ತಿಳಿಸುವ ಅವಕಾಶ ಕನ್ನಡದಲ್ಲಿ ಮಾತನಾಡುವವರಿಗಿಲ್ಲ. ಕೇಳುವವನಾದರೋ ಅಣ್ಣ, ಅಕ್ಕ, ಅಪ್ಪ, ಅಮ್ಮ ಎಂಬುವುಗಳಲ್ಲಿ ಒಂದನ್ನು ಸೇರಿಸದೆ ಮಾತು ಮುಂದುವರಿಸಲಾರನು. ಹೀಗಿರಲು, ಮುಖ ಕಾಣದೆಡೆಯಲ್ಲಿ ಎಲ್ಲ ಭಾರವೂ ಕಂಠದ ಮೇಲೆಯೇ ಬೀಳುತ್ತದೆ.

ಈ ಕಂಠವನ್ನು ತಿದ್ದಿಕೊಳ್ಳುವ ಶಿಕ್ಷಣವೊಂದಿದೆ. ವಾಕ್ ಚಿಕಿತ್ಸಕರು ಇದನ್ನು ಧ್ವನಿಚಿಕಿತ್ಸೆ ಎನ್ನುತ್ತಾರೆ. ಇಲ್ಲಿ ಗುಣಪಡಿಸಬೇಕಾದ ರೋಗವೇನೂ ಇಲ್ಲವಾದುದರಿಂದ ಪಾಠವೆಂಬ ಮಾತೇ ನಮಗೆ ಹೆಚ್ಚು ಒಪ್ಪಿಗೆ; ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ, 2022ರಲ್ಲಿ ಜಾರಿಗೆ ಬಂದ ತನ್ನ ಹನ್ನೊಂದನೆಯ ಆವೃತ್ತಿಯಲ್ಲಿ, ಲಿಂಗತ್ವದ ವಿಷಯವನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ಹೊರಗೆ ತೆಗೆದಿದೆ. ಈಚಿನ ವರ್ಷಗಳಲ್ಲಿ, ಮುಖ್ಯವಾಗಿ 2020ರ ಮಹಾಮಾರಿಯ ನಂತರ, ಈ ಪಾಠ ಅಂತರಜಾಲದ ಮೂಲಕವೂ ನಡೆಯುತ್ತಿದೆ. ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ವಾಚಕರ ಮುಂದಿಟ್ಟು, ನಮ್ಮದೊಂದು ಸಲಹೆಯನ್ನೂ ಹೇಳಬೇಕೆಂದಿದ್ದೇವೆ.

ಮೊದಲು ಯಂತ್ರದ ವಿಚಾರ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಬರುವ ಗಾಳಿ ಇವುಗಳನ್ನು ಕಂಪಿಸುವಂತೆ ಮಾಡುತ್ತದೆ. ಗಂಡುಹುಡುಗರಿಗೆ ಪ್ರಾಯ ಬರುವಾಗ ಟೆಸ್ಟೊಸ್ಟಿರೋನ್ ಎಂಬ ರಸದೂತದ ಪ್ರಭಾವದಿಂದ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಧ್ವನಿ ಒಡೆಯುತ್ತದೆ. ವಯಸ್ಕ ಗಂಡಸಿನ ಮಾತಿನಲ್ಲಿ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನ ಮಾತಿನಲ್ಲಿ ಸುಮಾರು 180ರಿಂದ 220 ಸಲ ಕಂಪಿಸುತ್ತವೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ವೈದ್ಯರ ಸಲಹೆಯಂತೆ ಟೆಸ್ಟೊಸ್ಟಿರೋನನ್ನು ಸೇವಿಸಿದರೆ ಕೆಲವು ತಿಂಗಳಲ್ಲಿ ಧ್ವನಿ ತಗ್ಗುತ್ತದೆ. ತಗ್ಗಿದ್ದು ಮತ್ತೆ ಏರುವುದಿಲ್ಲ. ಇದರ ವಿಲೋಮ ಮಾತ್ರ ನಿಜವಲ್ಲ. ಈಸ್ಟ್ರೊಜೆನ್ನನ್ನು ಎಷ್ಟು ಕಾಲ ಸೇವಿಸಿದರೂ ಒಮ್ಮೆ ಬೆಳೆದ ತಂತು ಕುಗ್ಗದು. ಗುಳಿಗೆಯನ್ನು ನಂಬಿ ಕಾದವರಲ್ಲಿ ಅನೇಕರಿಗೆ ನಿರಾಶೆಯಾಗುವುದು ಇಲ್ಲಿಯೇ.

ಹಾಗಾದರೆ ಶಾರೀರವನ್ನು ಮೇಲಕ್ಕೇರಿಸಿ ಮಾತನಾಡಿದರಾಯಿತಲ್ಲ ಎನ್ನಬಹುದು. ನಮ್ಮ ಈ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಸ್ತ್ರೀಪಾತ್ರ ಹಾಕುವ ಗಂಡಸರನ್ನು ನೋಡಿದವರಿಗೆ ಆ ಉಪಾಯ ಹೊಸದೂ ಅಲ್ಲ. ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ದ್ರೌಪದಿಯಾಗಿ ನಿಂತವನು ಒಂದು ರಾತ್ರಿಯ ಮಟ್ಟಿಗೆ ಕಳ್ಳಕಂಠದಿಂದ ನಿಭಾಯಿಸುತ್ತಾನೆ. ಆದರೆ ಬೆಳಗಾದರೆ ಅವನ ಗಂಟಲು ಕಟ್ಟಿರುತ್ತದೆ. ದಿನವೆಲ್ಲ, ಬಾಳೆಲ್ಲ ಮಾತನಾಡಬೇಕಾದವರಿಗೆ ಅದು ದಾರಿಯಲ್ಲ. ಅದಲ್ಲದೆ ಕೇಳುವ ಕಿವಿಯು ಸ್ವರದ ಎತ್ತರವೊಂದನ್ನೇ ಅಳೆಯುವುದಿಲ್ಲ. ತಂತುಗಳಲ್ಲಿ ಹುಟ್ಟಿದ ಸ್ವರ ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ಅನುರಣನಗೊಂಡು ಹೊರಬರುತ್ತದೆ. ಈ ಪೊಳ್ಳು ಗಂಡಸರಲ್ಲಿ ಉದ್ದ, ಹೆಂಗಸರಲ್ಲಿ ಗಿಡ್ಡ. ದೊಡ್ಡ ಕೊಡದ ಸದ್ದೂ ಚಿಕ್ಕ ಚೊಂಬಿನ ಸದ್ದೂ ಬೇರೆಯಾಗುವಂತೆಯೇ ಇದು. ನಾಲಗೆಯನ್ನು ಸ್ವಲ್ಪ ಮುಂದಕ್ಕೆ ತಂದು, ತುಟಿಯನ್ನು ಕೊಂಚ ಹರಡಿ, ಧ್ವನಿಪೆಟ್ಟಿಗೆಯನ್ನು ಆಯಾಸವಿಲ್ಲದೆ ಮೇಲಿರಿಸಿಕೊಂಡು ಈ ಪೊಳ್ಳನ್ನು ಗಿಡ್ಡಮಾಡುವುದೇ ಪಾಠದ ಬಹುಭಾಗ. ಮಾತಿನ ಏರಿಳಿತ ಅದರ ಜೊತೆಗೆ ಬರುತ್ತದೆ.

ಹಳೆಯ ದೂರವಾಣಿ ಇದಕ್ಕೊಂದು ಸೊಗಸಾದ ಸಾಕ್ಷಿ. ಅದು ಸೆಕೆಂಡಿಗೆ 300ರಿಂದ 3400 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಗಂಡಿನ 120 ಆಗಲಿ ಹೆಣ್ಣಿನ 200 ಆಗಲಿ ತಂತಿಯೊಳಗೆ ಹೋಗುತ್ತಲೇ ಇರಲಿಲ್ಲ. ಆದರೂ ನಮಗೆ ಎರಡರ ಭೇದ ತಿಳಿಯುತ್ತಿತ್ತು! ಮೇಲಿನ ಉಪಸ್ವರಗಳನ್ನು ಕೇಳಿ ಇಲ್ಲದ ಮೂಲಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಅನುರಣನದ ಗುರುತಂತೂ ಆ ಉಪಸ್ವರಗಳಲ್ಲಿಯೇ ಅಡಗಿದೆ.

ಇನ್ನು ಅಂತರಜಾಲದ ಪಾಠ. ಮೊದಲನೆಯ ಭೇಟಿಯಲ್ಲಿ ಹೆಚ್ಚೇನೂ ಕಲಿಸುವುದಿಲ್ಲ. ಚಿಕಿತ್ಸಕರು ಹಿಂದಿನ ವೃತ್ತಾಂತವನ್ನು ಕೇಳುತ್ತಾರೆ, "ಆ" ಎಂದು ಒಂದೇ ಉಸಿರಿನಲ್ಲಿ ಎಷ್ಟು ಹೊತ್ತು ಹಿಡಿಯಬಲ್ಲಿರೆಂದು ನೋಡುತ್ತಾರೆ, ಒಂದು ಭಾಗವನ್ನು ಓದಿಸಿ ಮುದ್ರಿಸಿಕೊಳ್ಳುತ್ತಾರೆ. ಎಂತಹ ಧ್ವನಿ ಬೇಕೆಂಬುದನ್ನು ನಿರ್ಧರಿಸುವವರು ಕಲಿಯುವವರೇ. ಇದ್ದ ಧ್ವನಿಯೇ ಸಾಕೆನ್ನುವವರೂ ಉಂಟು; ಅವರನ್ನು ಬಲವಂತಪಡಿಸಲು ಯಾರಿಗೂ ಹಕ್ಕಿಲ್ಲ. ಮುಂದಿನ ವಾರಗಳಲ್ಲಿ ನೀರಿನ ಲೋಟದಲ್ಲಿ ಊದುಕೊಳವೆಯಿಟ್ಟು ಗುಳ್ಳೆಯೆಬ್ಬಿಸುತ್ತ ಸ್ವರ ಹೊರಡಿಸುವುದು, ತುಟಿ ಮುಚ್ಚಿ "ಮ್" ಎಂದು ಗುನುಗುವುದು, ಆಮೇಲೆ ಮೀನು, ಮನೆ, ಮಣೆ ಎಂಬಂಥ ಪದಗಳು, ಆಮೇಲೆ ವಾಕ್ಯ, ಕೊನೆಗೆ ಸಂಭಾಷಣೆ. ವಾಕ್ಯದ ಕೊನೆಯಲ್ಲಿ ಸ್ವರ ತಾನಾಗಿ ಇಳಿಯುವೆಡೆ ಹಳೆಯ ಕಂಠ ಮತ್ತೆ ಇಣುಕುತ್ತದೆ. ಕೋಪ ಬಂದಾಗಲೂ, ಕೆಮ್ಮಿದಾಗಲೂ ಹಾಗೆಯೇ. ತಿಂಗಳುಗಳೇ ಹಿಡಿಯುವ ಕೆಲಸವಿದು. ವಾರಕ್ಕೊಮ್ಮೆ ಪಾಠವಾದರೆ ದಿನಕ್ಕೆ ಹಲವು ಸಲ ಹತ್ತು ಹತ್ತು ನಿಮಿಷದ ಅಭ್ಯಾಸ ಬೇಕು. ಗಂಟಲು ನೋಯಬಾರದು, ನೋಯುತ್ತಿದ್ದರೆ ಮಾಡುತ್ತಿರುವುದು ತಪ್ಪು.

ದೂರದಿಂದ ಆಗದ ಕೆಲಸಗಳೂ ಇವೆ. ಗಂಟಲಿನೊಳಗೆ ಇಣುಕಿ ತಂತುಗಳನ್ನು ನೋಡುವುದು ತೆರೆಯ ಮೂಲಕ ಸಾಧ್ಯವಿಲ್ಲ. ಮೊದಲೇ ಧ್ವನಿ ಒಡಕಾಗಿದ್ದವರು ಕಿವಿ ಮೂಗು ಗಂಟಲಿನ ವೈದ್ಯರನ್ನು ಕಂಡುಬರಲೇಬೇಕು. ಗುರುಶಿಷ್ಯರು ಒಟ್ಟಿಗೆ ಸ್ವರ ಹಿಡಿಯುವುದೂ ಆಗದು, ಏಕೆಂದರೆ ಧ್ವನಿ ತುಸು ತಡವಾಗಿ ತಲಪುತ್ತದೆ. ಹಿಂದಿನ ಶಾಲೆಯ ಬಾಯಿಪಾಠದಂತೆ ಒಬ್ಬರು ಹೇಳಿ ನಿಲ್ಲಿಸಬೇಕು, ಇನ್ನೊಬ್ಬರು ಒಪ್ಪಿಸಬೇಕು. ಗದ್ದಲವನ್ನು ಸೋಸುವ ಯಂತ್ರಾಂಶವು ಎಷ್ಟೋ ವೇಳೆ ಧ್ವನಿಯ ಸೂಕ್ಷ್ಮಗಳನ್ನೂ ಸೋಸಿಬಿಡುವುದರಿಂದ, ಫೋನಿನಲ್ಲಿಯೇ ಮುದ್ರಿಸಿ ಆ ಮುದ್ರಿಕೆಯನ್ನು ಬೇರೆಯಾಗಿ ಕಳುಹಿಸುವುದು ಲೇಸು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಈ ವಿದ್ಯೆಯ ಪರಿಣತರು ಅಲ್ಲಿ ತರಬೇತಾಗುತ್ತಾರೆ. ದೂರದಲ್ಲಿರುವವರಿಗೆ ಚಿಕಿತ್ಸೆ ನೀಡುವ ಕೇಂದ್ರವೂ ಅಲ್ಲಿದೆ. ಪಾವಗಡದಿಂದ ಮೈಸೂರಿಗೆ ಸುಮಾರು 250 ಕಿಲೋಮೀಟರ್. ವಾರಕ್ಕೊಮ್ಮೆ ಹೋಗಿಬರುವ ಮಾತೇ ಇಲ್ಲ. ಆದುದರಿಂದ ಅಂತರಜಾಲವು ದೂರವನ್ನು ಗೆದ್ದಿತೆಂದು ಸಂತೋಷಪಡುವವರೊಡನೆ ನಾವೂ ಸಂತೋಷಪಡುತ್ತೇವೆ. ಆದರೆ ಪ್ರಶ್ನೆ ಅಷ್ಟಕ್ಕೇ ತೀರಲಿಲ್ಲ.

ಎರಡು ಅಂಕಣದ ಮನೆ, ನಡುವೆ ಒಂದು ಗೋಡೆ, ಆಚೆ ಅಜ್ಜಿ, ಈಚೆ ತಮ್ಮಂದಿರು. ತಾನು ಯಾರೆಂಬುದನ್ನು ಮನೆಯವರಿಗೆ ಇನ್ನೂ ಹೇಳಿರದ ಇಪ್ಪತ್ತರ ಹರೆಯದವಳು ಅಲ್ಲಿ ಕುಳಿತು ಹೊಸ ಕಂಠದಲ್ಲಿ "ಮೀನು, ಮನೆ, ಮಣೆ" ಎಂದು ಹೇಗೆ ಒಪ್ಪಿಸಬೇಕು? ಪಿಸುಮಾತಿನಲ್ಲಿ ಈ ಅಭ್ಯಾಸ ಆಗುವುದಿಲ್ಲ. ಪಿಸುಮಾತಿನಲ್ಲಿ ತಂತುಗಳು ಕಂಪಿಸುವುದೇ ಇಲ್ಲ. ಹೊಲಕ್ಕೆ ಹೋಗೋಣವೆಂದರೆ ಗಾಳಿಯ ಸದ್ದು, ದಾರಿಹೋಕರ ಕಣ್ಣು. ಪಾವಗಡದ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಕನ್ನಡದಲ್ಲಿ ರೂಢಿಸಿದ ಕಂಠ ತೆಲುಗಿಗೆ ತಿರುಗಿದೊಡನೆ ಜಾರಬಹುದಾದುದರಿಂದ ಎರಡರಲ್ಲಿಯೂ ಗಟ್ಟಿಯಾಗಿ ಅಭ್ಯಾಸ ಮಾಡಬೇಕು. ಗಟ್ಟಿಯಾಗಿ ಎಂಬಲ್ಲಿಯೇ ಕಷ್ಟವಿರುವುದು.

1914ರಲ್ಲಿ ಅಲ್ಲ, 2014ರಲ್ಲಿ, ಏಪ್ರಿಲ್ 15ರಂದು, ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಬ್ಬರಿಗೂ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕುಂಟೆಂದು ತೀರ್ಪಿತ್ತಿತು. ಹಕ್ಕು ದೆಹಲಿಯಿಂದ ಬಂದಿತು, ಪಾಠ ಮೈಸೂರಿನಿಂದ ಬರಬಲ್ಲುದು. ಕದವಿಕ್ಕಿಕೊಳ್ಳಬಹುದಾದ ಒಂದು ಕೋಣೆ ಮಾತ್ರ ಊರಿನಲ್ಲಿಯೇ ದೊರೆಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ. ನಾಲ್ಕು ಊರುಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿ ಒಂದೊಂದು ಸಣ್ಣ ಕೋಣೆ, ಸದ್ದು ಹೀರಲು ದಪ್ಪನೆಯ ಪರದೆಗಳು, ಒಂದು ಮೇಜು, ಒಳ್ಳೆಯ ಅಂತರಜಾಲ ಸಂಪರ್ಕ: ಇಷ್ಟನ್ನು ಏರ್ಪಡಿಸುವುದು ದೊಡ್ಡ ವೆಚ್ಚದ ಮಾತಲ್ಲ. 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿರುವ ಪಾವಗಡದಲ್ಲಿ ಕರೆಂಟು ಹೋಯಿತೆಂದು ಪಾಠ ನಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಕೆಲವೇ ಜನರಿಗಾಗಿ ಕೋಣೆಯೊಂದನ್ನು ಮೀಸಲಿಡುವುದೆ ಎಂದು ಕೇಳುವವರಿದ್ದಾರೆ. ಮೀಸಲಿಡಬಾರದೆಂದೇ ನಮ್ಮ ಮತ. ತೊದಲುವ ಮಕ್ಕಳು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಮೂವತ್ತು ವರ್ಷ ತರಗತಿಯಲ್ಲಿ ಕೂಗಿ ಗಂಟಲು ಕೆಟ್ಟ ಮೇಷ್ಟರುಗಳು, ಎಲ್ಲರೂ ಮೈಸೂರಿನ ಅದೇ ವಿದ್ಯೆಗೆ ಕಾದಿದ್ದಾರೆ. ಎಲ್ಲರಿಗೂ ಅದೇ ಕೋಣೆಯಿರಲಿ, ಗಂಟೆಗಳನ್ನು ಹಂಚಿಕೊಳ್ಳಲಿ. ಬಾಗಿಲಿಗೆ ಫಲಕ ಹಾಕುವುದಾದರೆ "ವಾಕ್ ಚಿಕಿತ್ಸೆ" ಎಂದಷ್ಟೇ ಬರೆಯಲಿ. ಆಗ ಒಳಗೆ ಹೋದವರು ಯಾರು, ಏತಕ್ಕೆ ಹೋದರು ಎಂಬುದು ಹೊರಗಿನ ಬೆಂಚಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.