ಗೋಳಗುಮ್ಮಟ ಬರೇ ನೋಡುವುದಲ್ಲ, ಕೇಳುವುದು

ಡಿಸೆಂಬರ್ ಬಂತೆಂದರೆ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಪ್ರವಾಸದ್ದೇ ಮಾತು. ದೂರದ ಊರಾಗಬೇಕು, ಸೈನ್ಸ್ ಮ್ಯೂಸಿಯಂ ಇರಬೇಕು ಅಂತ ಕೆಲವರ ಹಟ. ನಾನು ಹೇಳುವುದು, ಒಂದೇ ದಿನದಲ್ಲಿ ಹೋಗಿ ಬರುವ ವಿಜಯಪುರವೇ ಸಾಕು.

ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ಸ್ ಕೆಥೆಡ್ರಲ್ ಬರೇ ನೋಡಿ ಬರಲಿಲ್ಲ. ಅಲ್ಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದರು. ತಿರುಗಿ ಬಂದ ಮೇಲೆ ನಮ್ಮ ಗೋಳಗುಮ್ಮಟವನ್ನೂ ಅಭ್ಯಾಸ ಮಾಡಿದರು. ಮಹಮ್ಮದ್ ಆದಿಲ್‌ಶಾಹನ ಗೋರಿ ಅವರಿಗೆ ಪ್ರಯೋಗಶಾಲೆಯಾಯಿತು.

ನಾವು ಮಾಡುವುದೇನು? ಇಡೀ ಬಸ್ಸಿನ ಹುಡುಗರನ್ನು ಒಮ್ಮೆಲೇ ಮೇಲೆ ಹತ್ತಿಸುತ್ತೇವೆ. ಎಲ್ಲರೂ ಕಿರುಚುತ್ತಾರೆ, ಫೋಟೋ ತೆಗೆದು ಇಳಿಯುತ್ತೇವೆ. ಆ ಗದ್ದಲದಲ್ಲಿ ಪಿಸುಮಾತು ಯಾರಿಗೆ ಕೇಳಿಸೀತು?

ಹೋಗುವ ಮೊದಲು ವರ್ಗದಲ್ಲೇ ಲೆಕ್ಕ ಮಾಡಿಸಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಧ್ವನಿ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ಸೆಕೆಂಡಿಗೆ 340 ಮೀಟರಿನಂತೆ ಸುಮಾರು 0.22 ಸೆಕೆಂಡ್. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡ್ ಸಾಕಲ್ಲವೇ? ಅಲ್ಲಿ ಹೋದ ಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಗೋಡೆಗೆ ಕಿವಿ ಹಚ್ಚಿಸಿ. ಪಿಸುಮಾತು ಗೋಡೆಯ ಬಾಗು ಹಿಡಿದು ಬರುವುದು ತಾನೇ ತಿಳಿಯುತ್ತದೆ.

ಇನ್ನೊಂದು ಮಾತು. "ಕನ್ನಡ ಕಲಿತು ಏನು ಮಾಡ್ತೀರಿ?" ಎಂದು ದಿನಾ ಕೇಳಿಸಿಕೊಳ್ಳುವ ಮಕ್ಕಳು ನಮ್ಮವರು. ಅಲ್ಲಿ ಫಲಕ ಓದಲಿಕ್ಕೆ, ಪ್ರಶ್ನೆ ಕೇಳಲಿಕ್ಕೆ ಅವರಿಗೆ ಕನ್ನಡವೇ ಸಾಕು. ವಿಜ್ಞಾನ ನಮ್ಮ ಮಾತಿನಲ್ಲೂ ಇದೆ ಎಂಬ ಧೈರ್ಯ ಹುಟ್ಟಬೇಕಾದರೆ ಇಂಥ ಒಂದು ದಿನ ಬೇಕು.

ಶಿಕ್ಷಕ ಬಂಧುಗಳೇ, ಈ ಸಲ ಬೆಳಿಗ್ಗೆ ಬೇಗ ಹೋಗಿ. ಮಕ್ಕಳಿಗೆ ಅಲ್ಲಿ ಹತ್ತು ನಿಮಿಷ ಶಾಂತಿ ಕೊಡಿ.