ಧನ್ಯನು ದಡ್ಡನಾದ ಬಗೆ



ಇಂಗ್ಲಿಷ್ ಭಾಷೆಯಲ್ಲಿ ಒಂದು ಕಾಲಕ್ಕೆ ‘ಸೀಲಿ’ ಎಂಬ ಗುಣವಾಚಕವಿತ್ತು. ಇಂದು ಅದು ಬಳಕೆ ತಪ್ಪಿದ ಪದ. ದೊಡ್ಡ ನಿಘಂಟುಗಳಲ್ಲಿ, ಹಳೆಯ ಕಾವ್ಯಗಳ ಅಡಿಟಿಪ್ಪಣಿಗಳಲ್ಲಿ, ಕೆಲವು ಆಂಗ್ಲ ಕುಟುಂಬಗಳ ಮನೆತನದ ಹೆಸರಿನಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಆದರೆ ಅದೇ ಪದದ ಸ್ವರ ಮೊಟಕಾಗಿ ಹುಟ್ಟಿದ ‘ಸಿಲ್ಲಿ’ಯನ್ನು ನೀವೆಲ್ಲರೂ ಬಲ್ಲಿರಿ. ಕನ್ನಡ ಮಾತನಾಡುವ ಮನೆಗಳಲ್ಲೂ ಮಕ್ಕಳು ಅದನ್ನು ಧಾರಾಳವಾಗಿ ಬಳಸುತ್ತಾರೆ. ಸಿಲ್ಲಿ ಎಂದರೆ ಪೆದ್ದ, ಬುದ್ಧಿಯಿಲ್ಲದವನು, ನಗೆಪಾಟಲಿಗೆ ತಕ್ಕವನು. ಹಾಗಾದರೆ ಅದರ ತಾಯಿಯಾದ ‘ಸೀಲಿ’ಯ ಮೂಲಾರ್ಥವೇನು? ಧನ್ಯ, ಭಾಗ್ಯವಂತ, ದೇವರ ಕೃಪೆಗೆ ಪಾತ್ರನಾದವನು.

ಧನ್ಯನು ದಡ್ಡನಾದ ಈ ಕಥೆಯನ್ನು ಭಾಷಾಶಾಸ್ತ್ರದ ಒಂದು ಕುತೂಹಲವೆಂದು ಹೇಳಿ ಮುಗಿಸುವವರು ಬಹಳ ಮಂದಿ. ಪದಗಳು ನದಿಯಂತೆ ಹರಿಯುತ್ತವೆ, ಅರ್ಥ ಬದಲಾಗುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ ಎಂಬುದು ಅವರ ವಾದ. ಈ ಲೇಖನ ಆ ವಾದಕ್ಕೆ ವಿರುದ್ಧವಾದುದು. ನದಿಗೆ ಮನಸ್ಸಿಲ್ಲ, ಮಾತನಾಡುವವನಿಗೆ ಇದೆ. ಒಂದು ಪದ ಕೆಳಗಿಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಅದನ್ನು ಯಾರೋ ಕೈಹಿಡಿದು ಇಳಿಸಿರುತ್ತಾರೆ.

ಆ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ. ಪ್ರಾಚೀನ ಇಂಗ್ಲಿಷಿನಲ್ಲಿ ‘ಸ್ಯಾಲ್’ ಎಂದರೆ ಒಳ್ಳೆಯ ಕಾಲ, ಸುಖ, ಸೌಭಾಗ್ಯ. ಅದರಿಂದ ‘ಗೆಸ್ಯಾಲಿಗ್’, ಅಂದರೆ ಸೌಭಾಗ್ಯವುಳ್ಳವನು ಎಂಬ ಪದ ಬಂತು. 13ನೆಯ ಶತಮಾನದ ಹೊತ್ತಿಗೆ ಅದು ‘ಸೀಲಿ’ಯಾಗಿ, ಭಕ್ತಿವಂತ, ಪುಣ್ಯಶೀಲ ಎಂಬ ಅರ್ಥವನ್ನು ಹೊತ್ತಿತ್ತು. ಪುಣ್ಯಶೀಲನು ನಿರ್ದೋಷಿ, ಆದ್ದರಿಂದ ‘ಸೀಲಿ’ ಎಂದರೆ ನಿಷ್ಕಪಟಿ ಎಂದೂ ಆಯಿತು. ನಿಷ್ಕಪಟಿಯಾದವನು ಲೋಕದಲ್ಲಿ ಸುಲಭವಾಗಿ ಪೆಟ್ಟು ತಿನ್ನುತ್ತಾನೆ; ಆದ್ದರಿಂದ ‘ಸೀಲಿ’ ಎಂದರೆ ಕನಿಕರಕ್ಕೆ ಪಾತ್ರನಾದವನು ಎಂದಾಯಿತು. ಕನಿಕರಕ್ಕೆ ಪಾತ್ರನಾದವನು ಬಲಹೀನ. ಬಲಹೀನನು ಲೆಕ್ಕಕ್ಕೆ ಬಾರದವನು. ಲೆಕ್ಕಕ್ಕೆ ಬಾರದವನು ಹಳ್ಳಿಗ, ಅಕ್ಷರ ಬಾರದವನು. ಕೊನೆಗೆ 16ನೆಯ ಶತಮಾನದ ಉತ್ತರಾರ್ಧದಲ್ಲಿ ‘ಸಿಲ್ಲಿ’ ಎಂಬ ರೂಪಕ್ಕೆ ಬುದ್ಧಿಗೇಡಿ ಎಂಬ ಅರ್ಥ ಅಂಟಿಕೊಂಡಿತು. ಆಮೇಲೆ ಅದು ಬಿಡಲೇ ಇಲ್ಲ.

ಈ ಇಳಿಜಾರಿನ ನಡುವೆ ನಿಂತಿರುವ ಒಬ್ಬನನ್ನು ನಿಮಗೆ ಪರಿಚಯಿಸಬೇಕು. 14ನೆಯ ಶತಮಾನದ ಕವಿ ಜೆಫ್ರಿ ಚಾಸರ್ ತನ್ನ ‘ಕ್ಯಾಂಟರ್ಬರಿ ಕಥೆಗಳು’ ಎಂಬ ಕೃತಿಯಲ್ಲಿ ಗಿರಣಿಯವನ ಬಾಯಿಂದ ಒಂದು ಕಥೆ ಹೇಳಿಸುತ್ತಾನೆ. ಅದರಲ್ಲಿ ಜಾನ್ ಎಂಬ ಬಡಗಿಯೊಬ್ಬನಿದ್ದಾನೆ. ಅವನ ಮನೆಯಲ್ಲೇ ಬಾಡಿಗೆಗಿರುವ ವಿದ್ಯಾವಂತ ಯುವಕನು, ನೋಹನ ಕಾಲದಂಥ ಜಲಪ್ರಳಯ ಮತ್ತೆ ಬರಲಿದೆಯೆಂದು ಅವನನ್ನು ನಂಬಿಸಿ, ಅವನ ಹೆಂಡತಿಯೊಡನೆ ಸೇರಿ ವಂಚಿಸುತ್ತಾನೆ. ಆ ಸುಳ್ಳನ್ನು ಕೇಳಿದೊಡನೆ ಬಡಗಿಗೆ ಮೊದಲು ನೆನಪಾಗುವುದು ತನ್ನ ಪ್ರಾಣವಲ್ಲ, ಹೆಂಡತಿಯ ಪ್ರಾಣ. ಕಥೆಯ ಕೊನೆಗೆ ಅವನು ಸೂರಿನಿಂದ ಬಿದ್ದು ತೋಳು ಮುರಿದುಕೊಳ್ಳುತ್ತಾನೆ. ವಂಚಿಸಿದವರ ಮಾತನ್ನೇ ನಂಬಿದ ಊರವರು ಅವನಿಗೆ ಹುಚ್ಚು ಹಿಡಿದಿದೆಯೆಂದು ನಗುತ್ತಾರೆ. ಚಾಸರ್ ಈ ಬಡಗಿಯನ್ನು ಮತ್ತೆ ಮತ್ತೆ ಕರೆಯುವುದು ‘ಸೀಲಿ’ ಎಂಬ ಪದದಿಂದಲೇ. ಆ ಪದದಲ್ಲಿ ಅರ್ಧ ಕನಿಕರ, ಅರ್ಧ ನಗೆ. ಎರಡು ಶತಮಾನಗಳ ಬಳಿಕ ಕನಿಕರ ಆವಿಯಾಗಿ ನಗೆ ಮಾತ್ರ ತಳದಲ್ಲಿ ಉಳಿಯಿತು. ಮೋಸ ಹೋದವನನ್ನು ನೋಡಿ ನಗುವುದು, ಮೋಸ ಮಾಡಿದವನ ಜಾಣ್ಮೆಗೆ ತಲೆದೂಗುವುದು: ಪದದ ಅರ್ಥವನ್ನು ಕೆಡಿಸಿದ್ದು ಈ ಅಭ್ಯಾಸವೇ ಎಂದು ನಾನು ಹೇಳುತ್ತೇನೆ.

ಇದು ಉತ್ಪ್ರೇಕ್ಷೆಯೆಂದು ನಿಮಗೆ ಅನಿಸಿದರೆ, ಅದೇ ಕಾಲದಲ್ಲಿ ಮೇಲಕ್ಕೇರಿದ ಇನ್ನೊಂದು ಪದವನ್ನು ಗಮನಿಸಿ. ‘ಶ್ರೂಡ್’ ಎಂದರೆ ಇಂದು ಚತುರ, ವ್ಯವಹಾರಜ್ಞ, ಅದೊಂದು ಹೊಗಳಿಕೆ. ಮಧ್ಯಯುಗದ ಇಂಗ್ಲಿಷಿನಲ್ಲಿ ಆ ಪದದ ಅರ್ಥ ದುಷ್ಟ, ಕೇಡಿಗ ಎಂದಿತ್ತು. ಕೇಡಿಗನು ಕುಟಿಲನಾದ, ಕುಟಿಲನು ಚತುರನಾದ, ಚತುರನು ಮಾನ್ಯನಾದ. ಒಂದು ಭಾಷೆಯ ಒಂದೇ ಏಣಿಯಲ್ಲಿ ಪುಣ್ಯವಂತನು ಕೆಳಗಿಳಿದು ಪೆದ್ದನಾಗುತ್ತಿರುವಾಗ, ಕೇಡಿಗನು ಮೇಲೇರಿ ಬುದ್ಧಿವಂತನಾದ! ಭಾಷಾಶಾಸ್ತ್ರಜ್ಞರು ಮೊದಲನೆಯದನ್ನು ಹೀನಾರ್ಥಪ್ರಾಪ್ತಿಯೆಂದೂ ಎರಡನೆಯದನ್ನು ಉತ್ತಮಾರ್ಥಪ್ರಾಪ್ತಿಯೆಂದೂ ಕರೆದು ಎರಡು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಹಕ್ಕು ನಮಗಿದೆ.

ಇಲ್ಲಿ ಒಂದು ಸುಲಭವಾದ ತೀರ್ಪಿಗೆ ನಾವು ಕೈಹಾಕಬಾರದು. ‘ಲೋಕ ದೇವರನ್ನು ಮರೆಯಿತು, ಆದ್ದರಿಂದ ಧನ್ಯತೆಯ ಪದವೂ ಕೆಟ್ಟಿತು; ಇದು ನಾಸ್ತಿಕರ ಕೆಲಸ’ ಎಂದು ಹೇಳಿ ಕೈತೊಳೆದುಕೊಳ್ಳಲು ಮನಸ್ಸಾಗುತ್ತದೆ. ಇತಿಹಾಸ ಅದಕ್ಕೆ ಎಡೆಗೊಡುವುದಿಲ್ಲ. ಈ ಪದ ಇಳಿದದ್ದು 1200ರಿಂದ 1600ರ ನಡುವೆ. ಊರೂರಿನಲ್ಲಿ ದೇವಾಲಯದ ಗಂಟೆ ದಿನದ ಕೆಲಸಗಳಿಗೆ ಹೊತ್ತು ಹೇಳುತ್ತಿದ್ದ ಕಾಲ, ಉಪವಾಸ, ಹಬ್ಬ, ತೀರ್ಥಯಾತ್ರೆಗಳು ವರ್ಷವನ್ನು ಹಂಚಿಕೊಂಡಿದ್ದ ಕಾಲ ಅದು. ಚಾಸರನ ಪಾತ್ರಗಳೇ ಸಂತ ಥಾಮಸ್ ಬೆಕೆಟರ ಸಮಾಧಿಗೆ ಹೊರಟ ಯಾತ್ರಿಕರು. ಧನ್ಯನನ್ನು ದಡ್ಡನನ್ನಾಗಿಸಿದವರು ದೇವಾಲಯದ ಹೊರಗಿದ್ದವರಲ್ಲ. ಭಾನುವಾರ ಒಳಗೆ ಮೊಣಕಾಲೂರಿ ಸೋಮವಾರ ಸಂತೆಯಲ್ಲಿ ಮಾತನಾಡಿದವರು. ಈ ಮಾತು ನಮ್ಮನ್ನು ಕುಟುಕಬೇಕು.

ಇನ್ನೊಂದು ವಾದವೂ ಇದೆ: ಇದೆಲ್ಲ ಅನಿವಾರ್ಯ, ಒಳ್ಳೆಯತನದ ಪದಗಳಿಗೆ ಇದೇ ಗತಿ ಎಂಬುದು. ಅದಕ್ಕೆ ಪೂರಕವಾದ ಸಾಕ್ಷ್ಯ ಇಲ್ಲದಿಲ್ಲ. ಫ್ರೆಂಚ್ ಭಾಷೆಯಲ್ಲಿ ಪೆದ್ದನಿಗೆ ‘ಬೆನೆ’ ಎನ್ನುತ್ತಾರೆ. ಅದು ಆಶೀರ್ವದಿಸಲ್ಪಟ್ಟವನು ಎಂಬರ್ಥದ ಲ್ಯಾಟಿನ್ ಪದದ ಸಂತಾನ. ಬುದ್ಧಿಮಾಂದ್ಯರನ್ನು ಹಳಿಯಲು ಬಳಸಿದ ‘ಕ್ರೆಟಿನ್’ ಎಂಬ ಪದ ಆಲ್ಪ್ಸ್ ಪರ್ವತ ಪ್ರದೇಶದ ಆಡುನುಡಿಯಲ್ಲಿ ‘ಕ್ರೈಸ್ತ’ ಎಂಬುದರ ರೂಪವೇ ಆಗಿತ್ತೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅಯೋಡಿನ್ ಕೊರತೆಯಿಂದ ದೇಹವೂ ಬುದ್ಧಿಯೂ ಬೆಳೆಯದ ಆ ಬಡಜನರು ‘ಅವರೂ ನಮ್ಮಂತೆ ಮನುಷ್ಯರೇ’ ಎಂಬ ಭಾವದಿಂದ ಆ ಹೆಸರು ಪಡೆದರೆಂಬುದು ಬಹಳವಾಗಿ ಕೇಳಿಬರುವ ವಿವರಣೆ. ಮಾನವೀಯತೆಯ ಆ ಪದವೇ ಬೈಗುಳವಾಯಿತು.

ಆದರೂ ಅನಿವಾರ್ಯವೆಂಬ ಮಾತು ಸುಳ್ಳು. ‘ಸೀಲಿ’ಗೆ ಜರ್ಮನ್ ಭಾಷೆಯಲ್ಲಿ ಒಬ್ಬ ಸೋದರನಿದ್ದಾನೆ: ‘ಸೇಲಿಗ್’. ಅದರ ಅರ್ಥ ಇಂದಿಗೂ ಧನ್ಯ ಎಂದೇ. ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಪರ್ವತಪ್ರಸಂಗದ ಅಷ್ಟಭಾಗ್ಯಗಳಿಗೆ ಆ ಪದವನ್ನೇ ಇಟ್ಟನು. ಜರ್ಮನ್ ಕಥೋಲಿಕರು ‘ಧನ್ಯರು’ ಎಂದು ಧರ್ಮಸಭೆ ಸಾರಿದವರನ್ನು ಕರೆಯುವುದೂ ಅದೇ ಪದದಿಂದ. ಮೃತರ ಹೆಸರಿನೊಡನೆಯೂ ಅದು ಗೌರವದಿಂದ ಸೇರಿಕೊಂಡಿತು. ಒಂದೇ ಬೇರಿನ ಎರಡು ಕೊಂಬೆಗಳಲ್ಲಿ ಒಂದು ಒಣಗಿತು, ಇನ್ನೊಂದು ಹಸಿರಾಗಿಯೇ ಉಳಿಯಿತು. ಇಂಗ್ಲಿಷಿನಲ್ಲಾದರೋ ಅಷ್ಟಭಾಗ್ಯಗಳಿಗೆ ಈ ಪದದ ಆಸರೆ ಸಿಗಲಿಲ್ಲ. ಪ್ರಾಚೀನ ಇಂಗ್ಲಿಷ್ ಶುಭಸಂದೇಶಗಳಲ್ಲಿ ಅಲ್ಲಿದ್ದುದು ‘ಏಡಿಗ್’ ಎಂಬ ಬೇರೊಂದು ಪದ. 1526ರ ಟಿಂಡೇಲನ ಅನುವಾದದ ವೇಳೆಗೆ ಅಲ್ಲಿ ‘ಬ್ಲೆಸೆಡ್’ ನೆಲೆಗೊಂಡಿತ್ತು. ಪ್ರಾರ್ಥನೆಯಲ್ಲಿ ನಿತ್ಯ ಉಚ್ಚರಿಸುವ ಪದವನ್ನು ಸಂತೆಯಲ್ಲಿ ಹಳಿಯುವುದು ಕಷ್ಟ. ಆ ಕಾವಲಿಲ್ಲದ ಪದವನ್ನು ಹಳಿಯುವುದು ಸುಲಭ. ಹೀಗೆಂದು ನಾನು ಗ್ರಹಿಸುತ್ತೇನೆ.

ಆ ಪದವನ್ನು ಕಾಯಲು ಯತ್ನಿಸಿದವರೂ ಇಲ್ಲದಿರಲಿಲ್ಲ. ಯೇಸುಸಭೆಯ ಗುರು ರಾಬರ್ಟ್ ಸೌತ್‌ವೆಲ್ ಕ್ರಿಸ್ತಜಯಂತಿಯನ್ನು ಕುರಿತ ಒಂದು ಕವಿತೆಯಲ್ಲಿ ಗೋದಲಿಯ ಕಂದನನ್ನೇ ‘ಸಿಲ್ಲಿ’ ಎಂದು ಕರೆದರು. ಅಸಹಾಯಕ, ನಿಷ್ಕಳಂಕ ಎಂಬುದು ಅವರ ಇಂಗಿತ. ತಮ್ಮ ವಿಶ್ವಾಸಕ್ಕಾಗಿ ಅವರು 1595ರಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೇರಿದರು. 1970ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1629ರಲ್ಲಿ ಜಾನ್ ಮಿಲ್ಟನ್ ಕೂಡ ತನ್ನ ಕ್ರಿಸ್ತಜನನದ ಕವಿತೆಯಲ್ಲಿ ಕುರುಬರ ಸರಳ ಮನಸ್ಸಿಗೆ ಅದೇ ಪದ ಬಳಸಿದನು. ಇಂದಿನ ಇಂಗ್ಲಿಷ್ ಓದುಗನು ಈ ಕವಿತೆಗಳನ್ನು ಓದುವಾಗ ಅಡಿಟಿಪ್ಪಣಿಯ ನೆರವಿಲ್ಲದೆ ಹೋದರೆ ದೇವಕುಮಾರನನ್ನೇ ಪೆದ್ದನೆಂದಂತೆ ಭಾವಿಸಿ ಬೆಚ್ಚುತ್ತಾನೆ.

‘ಅತಿ ಸರಳತೆ ನಿಜವಾಗಿಯೂ ದೋಷವಲ್ಲವೆ? ಕಂಡವರನ್ನೆಲ್ಲ ನಂಬುವವನನ್ನು ಧನ್ಯನೆನ್ನಬೇಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1611ರ ಇಂಗ್ಲಿಷ್ ಬೈಬಲಿನಲ್ಲೇ ಇದಕ್ಕೆ ಉತ್ತರವಿದೆ. ಹೊಶೇಯನ ಗ್ರಂಥದ 7ನೆಯ ಅಧ್ಯಾಯದಲ್ಲಿ, ಒಮ್ಮೆ ಈಜಿಪ್ಟನ್ನೂ ಒಮ್ಮೆ ಅಸ್ಸೀರಿಯವನ್ನೂ ಮೊರೆಹೋಗುವ ಎಫ್ರಯಿಮನ್ನು ಪ್ರವಾದಿಯು ವಿವೇಕವಿಲ್ಲದ ಪಾರಿವಾಳಕ್ಕೆ ಹೋಲಿಸುತ್ತಾನೆ. ಅಲ್ಲಿ ಅನುವಾದಕರು ‘ಸಿಲ್ಲಿ’ ಎಂದೇ ಬರೆದಿದ್ದಾರೆ. ಮತ್ತಾಯನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಪ್ರಭು ತನ್ನ ಶಿಷ್ಯರಿಗೆ ಸರ್ಪದ ಜಾಣ್ಮೆಯ ಜೊತೆಗೆ ಪಾರಿವಾಳದ ನಿಷ್ಕಪಟತನವೂ ಇರಲೆಂದು ಬೋಧಿಸುತ್ತಾರೆ. ಅಲ್ಲಿ ‘ಸಿಲ್ಲಿ’ ಇಲ್ಲ. ಹಕ್ಕಿ ಒಂದೇ, ಮಾತು ಎರಡು. ವಿವೇಕವಿಲ್ಲದಿರುವುದು ಬೇರೆ, ಕೇಡಿಲ್ಲದಿರುವುದು ಬೇರೆ. ಮೊದಲನೆಯದು ತಿದ್ದಿಕೊಳ್ಳಬೇಕಾದ ಕೊರತೆ. ಎರಡನೆಯದು ಕಾಪಾಡಿಕೊಳ್ಳಬೇಕಾದ ವರ. ‘ಸೀಲಿ’ಯ ಪತನದಲ್ಲಿ ನಡೆದ ಅನ್ಯಾಯವೆಂದರೆ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ಹೊರಗೆ ಎಸೆದದ್ದು.

ಹಳೆಯ ಅರ್ಥವೇ ನಿಜವಾದ ಅರ್ಥ, ಎಲ್ಲರೂ ಅದಕ್ಕೆ ಮರಳಬೇಕು ಎಂದು ನಾನು ಹೇಳುತ್ತಿಲ್ಲ. ‘ನೈಸ್’ ಎಂಬ ಪದ ಅಜ್ಞಾನಿ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದು, ಇಂಗ್ಲಿಷಿಗೆ ಮೊದಲು ‘ಮೂರ್ಖ’ನಾಗಿ ಕಾಲಿಟ್ಟು, 18ನೆಯ ಶತಮಾನದ ಹೊತ್ತಿಗೆ ‘ಸೊಗಸಾದ’ ಎಂಬಲ್ಲಿಗೆ ತಲುಪಿತು. ಅದನ್ನು ಹಿಂದಕ್ಕೆ ಎಳೆಯುವುದು ಹುಚ್ಚುತನ. ಸತ್ತ ಪದವನ್ನು ಎಬ್ಬಿಸುವುದು ನಮ್ಮ ಕೆಲಸವಲ್ಲ. ಬದುಕಿರುವ ಪದಗಳನ್ನು ಕೊಲ್ಲದಿರುವುದು ನಮ್ಮ ಕೆಲಸ.

ಏಕೆಂದರೆ ಅದೇ ಏಣಿ ನಮ್ಮ ಕನ್ನಡದಲ್ಲೂ ಇದೆ. ‘ಮುಗ್ಧ’ ಎಂಬುದು ‘ಮೋಹ’ದ ಧಾತುವಿನಿಂದಲೇ ಹುಟ್ಟಿದ ಪದ, ಸಂಸ್ಕೃತದಲ್ಲಿ ಅದಕ್ಕೆ ದಿಕ್ಕುಗೆಟ್ಟವನು, ತಿಳಿಗೇಡಿ ಎಂಬ ಅರ್ಥವಿತ್ತು. ನಮ್ಮ ಹಿರಿಯರು ಅದನ್ನು ನಿಷ್ಕಪಟತನಕ್ಕೆ ಏರಿಸಿ ನಮಗೆ ಕೊಟ್ಟಿದ್ದಾರೆ. ಆಂಗ್ಲರು ಇಳಿಸಿದ್ದನ್ನು ನಾವು ಏರಿಸಿದೆವು. ಏರಿಸುವುದು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆದರೆ ಇಂದು ನಮ್ಮ ಬಾಯಲ್ಲಿ ಏನು ನಡೆಯುತ್ತಿದೆ? ‘ಸಾಧು’ ಎಂದರೆ ಸಂತ. ‘ಅವನೊಬ್ಬ ಸಾಧುಪ್ರಾಣಿ’ ಎಂದಾಗ ಆ ಸಂತನು ಹಟ್ಟಿಯ ಹಸುವಾಗುತ್ತಾನೆ. ಲಂಚ ಮುಟ್ಟದ ಗುಮಾಸ್ತನಿಗೆ ‘ದೇವರಂಥ ಮನುಷ್ಯ’ ಎನ್ನುತ್ತೇವೆ. ಕೂಡಲೇ ಧ್ವನಿ ತಗ್ಗಿಸಿ ‘ಆದರೆ ಬದುಕಲು ಗೊತ್ತಿಲ್ಲ’ ಎಂದು ಸೇರಿಸುತ್ತೇವೆ. ಪಾಲಿನಲ್ಲಿ ಅಣ್ಣತಮ್ಮಂದಿರೊಡನೆ ಕೋರ್ಟಿಗೆ ಹೋಗದವನನ್ನು ‘ಪಾಪದವನು’ ಎಂದು ಕರುಣೆ ತೋರುತ್ತೇವೆ. ಬದುಕಲು ಗೊತ್ತಿರುವವನು ಯಾರು ಎಂದು ಊಟಕ್ಕೆ ಕುಳಿತ ಮಕ್ಕಳು ಕೇಳುವುದಿಲ್ಲ. ನಮ್ಮ ಧ್ವನಿಯಿಂದಲೇ ತಿಳಿದುಕೊಳ್ಳುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಅವರು ಅಷ್ಟಭಾಗ್ಯಗಳನ್ನು ಬಾಯಿಪಾಠ ಮಾಡುತ್ತಾರೆ. ಆ ಭಾಗ್ಯಗಳ ಬೆಲೆಯನ್ನು ಮನೆಯ ಊಟದ ಹೊತ್ತಿನಲ್ಲಿ ಕಲಿಯುತ್ತಾರೆ.

ಶಿಲುಬೆಯ ಸಂದೇಶ ಲೋಕದ ಜಾಣರಿಗೆ ಹುಚ್ಚುಮಾತಾಗಿ ಕಾಣುತ್ತದೆಂದು ಸಂತ ಪೌಲರು ಕೊರಿಂಥದವರಿಗೆ ಎಂದೋ ಬರೆದರು. ಲೋಕವು ಹಾಗೆ ಹೇಳಿದರೆ ಆಶ್ಚರ್ಯವಿಲ್ಲ. ಪ್ರಭುವನ್ನು ಆರಾಧಿಸುವ ಬಾಯಿಯೇ ಅವರಂತೆ ಬಾಳುವವನನ್ನು ದಡ್ಡನೆನ್ನುವುದು ಆಶ್ಚರ್ಯ, ಅದು ದ್ರೋಹ ಕೂಡ. ಆದ್ದರಿಂದ ಓದುಗರೇ, ಮುಂದಿನ ಸಲ ನಿಮ್ಮ ನೆರೆಯ ಪ್ರಾಮಾಣಿಕನನ್ನು ಕುರಿತು ‘ಒಳ್ಳೆಯವನು, ಆದರೆ…’ ಎಂದು ಆರಂಭಿಸುವಾಗ ಆ ‘ಆದರೆ’ಯ ಮುಂದೆ ಒಂದು ಕ್ಷಣ ನಿಲ್ಲಿ. ‘ಸೀಲಿ’ ಎಂಬ ಪದ ಸತ್ತದ್ದು ಒಂದೇ ದಿನದಲ್ಲಲ್ಲ, ಒಬ್ಬನ ಕೈಯಲ್ಲೂ ಅಲ್ಲ. ಇಂಥ ಸಾವಿರಾರು ‘ಆದರೆ’ಗಳ ಕೆಳಗೆ ಅದು ನಾನೂರು ವರ್ಷ ನರಳಿ ಸತ್ತಿತು. ‘ಒಳ್ಳೆಯವನು’ ಎಂಬಲ್ಲಿಗೆ ಪೂರ್ಣವಿರಾಮ ಹಾಕಿ. ಒಂದು ಪದವನ್ನು ಉಳಿಸಿದ ಪುಣ್ಯವಾದರೂ ನಿಮಗೆ ಬರುತ್ತದೆ.